ಭಾರತದ ಮ್ಯಾಚ್ ಕೇಬಲ್‌ನ ಡಿಡಿಯಲ್ಲಿ ಯಾಕೆ ಬರುವುದಿಲ್ಲ? ಕಾನೂನು ಬದಲಾಗಬೇಕು ಅಲ್ವಾ?

ತುಂಗಾತೀರ, ತೀರ್ಥಹಳ್ಳಿ

ಪ್ರತಿ ಸರಣಿ ಬಂದಾಗಲೂ ನಮ್ಮೂರಿನಲ್ಲಿ ಇದೇ ಪ್ರಶ್ನೆ. ಭಾರತ ಒಂದು ದಿನದ ಪಂದ್ಯ ಆಡುತ್ತಿರುತ್ತದೆ. ಕೇಬಲ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದರೆ ಬೇರೇನೋ ಬರುತ್ತಿರುತ್ತದೆ. ಫ್ರೀ ಡಿಶ್ (ಪ್ರಸಾರ ಭಾರತಿಯ ಉಚಿತ ಡಿಟಿಎಚ್) ಇರುವ ಮನೆಯಲ್ಲಿ ಅದೇ ಡಿಡಿ ಸ್ಪೋರ್ಟ್ಸ್‌ನಲ್ಲಿ ಮ್ಯಾಚ್ ಲೈವ್. ಕೇಬಲ್‌ನವರನ್ನು ಕೇಳಿದರೆ "ನಮ್ಮ ಕೈಯಲ್ಲಿಲ್ಲ" ಅನ್ನುತ್ತಾರೆ. ಅವರು ಹೇಳುವುದು ನಿಜವೇ.

2007ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ದೇಶಕ್ಕೆ ಮುಖ್ಯ ಎಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಹಕ್ಕನ್ನು ಯಾವ ಖಾಸಗಿ ಚಾನೆಲ್ ಕೊಂಡಿದ್ದರೂ, ಲೈವ್ ಸಿಗ್ನಲ್ ಅನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ತಮ್ಮ ಜಾಹೀರಾತು ತೆಗೆದು ಕೊಡಬೇಕು. ಡಿಡಿ ಅದಕ್ಕೆ ತನ್ನ ಜಾಹೀರಾತು ಹಾಕುತ್ತದೆ. ಬಂದ ಹಣದಲ್ಲಿ 100ಕ್ಕೆ 75 ರೂಪಾಯಿಯಾದರೂ ಹಕ್ಕು ಕೊಂಡವರಿಗೆ ಹೋಗಬೇಕು. ರೇಡಿಯೊ ಆದರೆ ಅರ್ಧ ಅರ್ಧ. ಕೈಯಲ್ಲಿ ದುಡ್ಡಿಲ್ಲದವರೂ ದೇಶದ ಆಟ ನೋಡಬೇಕು ಅನ್ನುವುದು ಇದರ ಉದ್ದೇಶ. ಒಳ್ಳೆಯ ಉದ್ದೇಶ.

ಆದರೆ ಕರ್ನಾಟಕದಲ್ಲಿ ಇದರ ಲಾಭ ಎಷ್ಟು ಮನೆಗೆ ಸಿಗುತ್ತಿದೆ? ಫ್ರೀ ಡಿಶ್‌ನಲ್ಲಿ ಹಿಂದಿ ಚಾನೆಲ್‌ಗಳದ್ದೇ ರಾಶಿ. ಕನ್ನಡಕ್ಕೆ ಚಂದನ ಇದೆ. ನಮ್ಮ ಮನೆಗಳಲ್ಲಿ ದಿನಾ ನೋಡುವ ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗಳು ಅಲ್ಲಿ ಸಿಗುವುದಿಲ್ಲ. ಹಾಗಾಗಿ ಇಲ್ಲಿಯವರು ಕೇಬಲ್‌ಗೋ ಡಿಟಿಎಚ್‌ಗೋ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಹೀಗೆ ಕಟ್ಟುವವರಿಗೆ ಮಾತ್ರ ಕಾನೂನು ಕೊಟ್ಟ ಉಚಿತ ಪಂದ್ಯ ಇಲ್ಲ.

ಪಟ್ಟಿಯಲ್ಲಿರುವ ಪಂದ್ಯಗಳು ಕೇಬಲ್‌ನಲ್ಲೂ ಮೊಬೈಲ್‌ನಲ್ಲೂ ಉಚಿತವಾಗಿ ಸಿಗಬೇಕು ಅನ್ನುವುದು ನನ್ನ ಅಭಿಪ್ರಾಯ. ಕನ್ನಡ ಕಾಮೆಂಟರಿ ಇದ್ದರೆ ಇನ್ನೂ ಒಳ್ಳೆಯದು. ನಿಮಗೆ ಏನನಿಸುತ್ತದೆ? ಕಾನೂನು ಗೊತ್ತಿರುವವರು, ಈ ಉದ್ಯಮದಲ್ಲಿ ಇರುವವರು ದಯವಿಟ್ಟು ಬರೆಯಿರಿ.

ಹುಬ್ಬಳ್ಳಿ ನೋಟ

ನಮ್ಮ ಮನೆಯಲ್ಲೂ ಇದೇ ಕಥೆ. ಟಿವಿ ಕೆಟ್ಟಿದೆ ಅಂತ ಅಪ್ಪ ರಿಮೋಟ್ ಒತ್ತುತ್ತಲೇ ಇರುತ್ತಾರೆ. ಯಾಕೆ ಹೀಗೆ ಅಂತ ಇವತ್ತು ತಿಳಿಯಿತು.

ವಕೀಲರ ಓಣಿ, ಧಾರವಾಡ

ತುಂಗಾತೀರ ಅವರೇ, ಒಳ್ಳೆಯ ವಿಷಯ ಎತ್ತಿದ್ದೀರಿ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಇದರ ಬೇರು 1993ರ ಹೀರೋ ಕಪ್‌ನಲ್ಲಿದೆ.

ಆ ಟೂರ್ನಿಯ ಪ್ರಸಾರದ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ಟಿಡಬ್ಲ್ಯುಐ ಎಂಬ ವಿದೇಶಿ ಕಂಪನಿಗೆ ಕೊಟ್ಟಿತು. ಆಗ ದೇಶದೊಳಗಿನಿಂದ ಪ್ರಸಾರ ಮಾಡುತ್ತಿದ್ದದ್ದು ದೂರದರ್ಶನ ಒಂದೇ. ನಮ್ಮನ್ನು ಬಿಟ್ಟು ಬೇರೆಯವರು ಹೇಗೆ ಸಿಗ್ನಲ್ ಕಳಿಸುತ್ತಾರೆ ಎಂದು ಜಗಳ ಶುರುವಾಯಿತು. ಪಂದ್ಯಗಳು ನಡೆಯುತ್ತಿರುವಾಗಲೇ ಕಲ್ಕತ್ತಾ ಹೈಕೋರ್ಟ್, ಸುಪ್ರೀಂ ಕೋರ್ಟ್ ಎಂದು ಓಡಾಟ. ನಮ್ಮ ಅನಿಲ್ ಕುಂಬ್ಳೆ ಈಡನ್ ಗಾರ್ಡನ್ಸ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12 ರನ್ ಕೊಟ್ಟು 6 ವಿಕೆಟ್ ತೆಗೆದರಲ್ಲ, ಅದು ಇದೇ ಟೂರ್ನಿಯ ಫೈನಲ್.

ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1995ರ ಫೆಬ್ರುವರಿಯಲ್ಲಿ. ನ್ಯಾಯಮೂರ್ತಿಗಳಾದ ಸಾವಂತ್, ಮೋಹನ್ ಮತ್ತು ಜೀವನ್ ರೆಡ್ಡಿ ಅವರ ಪೀಠ. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದರು. ಅದರ ಮೇಲೆ ಸರ್ಕಾರಕ್ಕೂ ಏಕಸ್ವಾಮ್ಯ ಇಲ್ಲ, ಖಾಸಗಿಯವರಿಗೂ ಇಲ್ಲ. ನೋಡುಗನಿಗೆ ಮಾಹಿತಿ ಪಡೆಯುವ ಹಕ್ಕಿದೆ. ಖಾಸಗಿ ಚಾನೆಲ್‌ಗಳಿಗೆ ಬಾಗಿಲು ತೆರೆದದ್ದೂ ಈ ತೀರ್ಪೇ, ಮುಂದೆ 2007ರ ಕಾಯ್ದೆಯ ಹಿಂದಿನ ತರ್ಕಕ್ಕೆ ಬಲ ಕೊಟ್ಟದ್ದೂ ಈ ತೀರ್ಪೇ. ಆಸ್ತಿ ಜನರದ್ದಾದರೆ ಅದರ ಮೇಲೆ ಹೋಗುವ ದೊಡ್ಡ ಪಂದ್ಯದಲ್ಲಿ ಜನರಿಗೂ ಪಾಲು ಇರಬೇಕು, ಅಲ್ಲವೇ?

2004ರ ಪಾಕಿಸ್ತಾನ ಪ್ರವಾಸ ನೆನಪಿರಬಹುದು. ಹಕ್ಕು ಟೆನ್ ಸ್ಪೋರ್ಟ್ಸ್ ಬಳಿ ಇತ್ತು. ಕೋರ್ಟ್ ಆದೇಶದ ಮೇಲೆ ಡಿಡಿಗೂ ಸಿಗ್ನಲ್ ಸಿಕ್ಕಿತು. ಆಮೇಲೆ 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಇಲ್ಲಿಗೆ ಬಂದಾಗ ನಿಂಬಸ್ ಕಂಪನಿಯ ನಿಯೋ ಸ್ಪೋರ್ಟ್ಸ್ ಲೈವ್ ಕೊಡುವುದಿಲ್ಲ ಎಂದಿತು. ದೆಹಲಿ ಹೈಕೋರ್ಟ್ ಏಳು ನಿಮಿಷ ತಡವಾಗಿ ಡಿಡಿ ತೋರಿಸಲಿ ಎಂದಿತು. ಏಳು ನಿಮಿಷದಲ್ಲಿ ಒಂದೂವರೆ ಓವರ್ ಮುಗಿದಿರುತ್ತದೆ. ಪಕ್ಕದ ಮನೆಯಲ್ಲಿ ಕೂಗು ಎದ್ದ ಮೇಲೆ ನಿಮ್ಮ ಮನೆಯಲ್ಲಿ ವಿಕೆಟ್ ಬೀಳುತ್ತದೆ. ಜನ ಸಿಟ್ಟಾದರು. ಪ್ರಿಯರಂಜನ್ ದಾಸ್‌ಮುನ್ಶಿ ಆಗ ವಾರ್ತಾ ಸಚಿವರು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಮಾರ್ಚ್‌ನಲ್ಲಿ ಅದೇ ಕಾಯ್ದೆಯಾಯಿತು.

ಇನ್ನು ಕೇಬಲ್ ಪ್ರಶ್ನೆ. 1995ರ ಕೇಬಲ್ ಟಿವಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸರ್ಕಾರ ಹೇಳಿದ ಡಿಡಿ ಚಾನೆಲ್‌ಗಳನ್ನು ಕೇಬಲ್‌ನವರು ಕಡ್ಡಾಯವಾಗಿ ತೋರಿಸಬೇಕು. ಹೀಗಾಗಿ ಡಿಡಿ ನ್ಯಾಷನಲ್‌ನಲ್ಲಿ ಮ್ಯಾಚ್ ಬಂದರೆ ತಾನಾಗಿಯೇ ಕೇಬಲ್‌ಗೂ ಹೋಗುತ್ತಿತ್ತು. ಹಕ್ಕು ಕೊಂಡ ಚಾನೆಲ್ ಮತ್ತು ಬಿಸಿಸಿಐ ಇದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿ ಗೆದ್ದವು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. 2007ರ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಇರುವುದು ಪ್ರಸಾರ ಭಾರತಿಯ ಭೂಮಾರ್ಗದ ಪ್ರಸಾರ ಮತ್ತು ಅದರದ್ದೇ ಡಿಟಿಎಚ್, ಇವೆರಡೇ. ಹಂಚಿಕೊಂಡ ಸಿಗ್ನಲ್ ಅಲ್ಲಿಗೆ ಮಾತ್ರ, ಖಾಸಗಿ ಕೇಬಲ್‌ಗೆ ಅಲ್ಲ ಎಂದರು. ಕಾನೂನಿನ ಅಕ್ಷರ ಹಿಡಿದು ನೋಡಿದರೆ ತೀರ್ಪು ಸರಿಯಾಗಿಯೇ ಇದೆ. ಕೊರತೆ ಇರುವುದು ಕಾಯ್ದೆಯಲ್ಲಿ. ಅದನ್ನು ಸರಿಮಾಡಬೇಕಾದ್ದು ಸಂಸತ್ತು.

ತುಂಗಾತೀರ, ತೀರ್ಥಹಳ್ಳಿ

ವಕೀಲರೇ, ಇದನ್ನೇ ಕಾಯುತ್ತಿದ್ದೆ. ಭೂಮಾರ್ಗದ ಪ್ರಸಾರ ಅಂದರೆ ಹಿಂದೆ ಮನೆ ಮೇಲೆ ಆಂಟೆನಾ ಹಾಕಿ ನೋಡುತ್ತಿದ್ದದ್ದು ತಾನೆ? ಆ ಟವರ್‌ಗಳನ್ನು ಪ್ರಸಾರ ಭಾರತಿಯೇ ಮುಚ್ಚಿಬಿಟ್ಟಿದೆ. 2022ರ ಹೊತ್ತಿಗೆ ಗಡಿ ಭಾಗದಂಥ ಕೆಲವು ಕಡೆ ಬಿಟ್ಟು ಉಳಿದದ್ದನ್ನೆಲ್ಲ ನಿಲ್ಲಿಸುವುದಾಗಿ ಅವರೇ ಹೇಳಿದ್ದರು. ಅಲ್ಲಿಗೆ ಕಾಯ್ದೆ ಹೇಳಿದ ಎರಡು ದಾರಿಯಲ್ಲಿ ಒಂದು ಹೋಯಿತು. ಉಳಿದದ್ದು ಫ್ರೀ ಡಿಶ್ ಒಂದೇ.

1996ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲಿ ನಡೆಯಿತಲ್ಲ, ವೆಂಕಟೇಶ್ ಪ್ರಸಾದ್ ಅಮೀರ್ ಸೊಹೇಲ್‌ರನ್ನು ಬೌಲ್ಡ್ ಮಾಡಿದ್ದು? ಅದನ್ನು ಆಂಟೆನಾ ಇದ್ದ ಮನೆಗಳೆಲ್ಲ ದೂರದರ್ಶನದಲ್ಲಿ ನೋಡಿದವು. ಮಲೆನಾಡಿನ ಮೂಲೆಯ ಮನೆಯೂ ಬೆಂಗಳೂರಿನ ಮನೆಯೂ ಒಂದೇ ಹೊತ್ತಿಗೆ ನೋಡಿದವು. ಆ ಸೌಲಭ್ಯ ಈಗ ಹಿಂದಕ್ಕೆ ಹೋಗಿದೆ ಅನ್ನುವುದೇ ನನ್ನ ನೋವು.

ಸೆಟ್‌ಟಾಪ್, ಹೊಸಪೇಟೆ

ನಾನು ಕೇಬಲ್ ನಡೆಸುತ್ತೇನೆ. ಅಣ್ಣ, ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಿ.

ಮ್ಯಾಚ್ ದಿನ ಫೋನ್ ನಿಲ್ಲುವುದಿಲ್ಲ. "ಡಿಡಿಯಲ್ಲಿ ಬರುತ್ತೆ ಅಂತ ಪೇಪರ್‌ನಲ್ಲಿ ಹಾಕಿದ್ದಾರೆ, ನೀವು ಯಾಕೆ ಕಟ್ ಮಾಡಿದ್ದೀರಿ?" ಅಂತ ಬೈಯುತ್ತಾರೆ. ನಾವು ಕಟ್ ಮಾಡಿಲ್ಲ. ನಮಗೆ ಬರುವ ಡಿಡಿ ಸ್ಪೋರ್ಟ್ಸ್ ಫೀಡ್‌ನಲ್ಲೇ ಮ್ಯಾಚ್ ಇರುವುದಿಲ್ಲ. ಇದನ್ನು ಮನೆ ಮನೆಗೆ ಹೇಳಿ ಮುಗಿಯುವುದಿಲ್ಲ.

ದುಡ್ಡಿನ ವಿಷಯ. 2019ರಲ್ಲಿ ಟಿವಿ ದರ ನಿಯಂತ್ರಿಸುವ ಟ್ರಾಯ್ ಹೊಸ ದರ ಪದ್ಧತಿ ತಂದಾಗ ಮೊದಲ 100 ಚಾನೆಲ್‌ಗೆ 130 ರೂಪಾಯಿ, ಜಿಎಸ್‌ಟಿ ಸೇರಿದರೆ 153 ಚಿಲ್ಲರೆ. ಅದರ ಮೇಲೆ ಪೇ ಚಾನೆಲ್. ಮುಖ್ಯ ಸ್ಪೋರ್ಟ್ಸ್ ಚಾನೆಲ್ ಒಂದಕ್ಕೆ 19 ರೂಪಾಯಿ, ಮತ್ತೆ 18 ಪರ್ಸೆಂಟ್ ಜಿಎಸ್‌ಟಿ. ಒಂದು ಚಾನೆಲ್ ಆದರೆ ಪರವಾಗಿಲ್ಲ ಅನ್ನಬಹುದು. ಆದರೆ 2023-24ರಲ್ಲಿ ಏನಾಯಿತು? ತವರಿನ ಸರಣಿ ಸ್ಪೋರ್ಟ್ಸ್18ನಲ್ಲಿ. ವಿಶ್ವಕಪ್ ಸ್ಟಾರ್‌ನಲ್ಲಿ. ಶ್ರೀಲಂಕಾ ಪ್ರವಾಸ ಸೋನಿಯಲ್ಲಿ. ಗ್ರಾಹಕ ಒಂದು ವರ್ಷದಲ್ಲಿ ಮೂರು ಕಂಪನಿಯ ಪ್ಯಾಕ್ ಹಾಕಿಸಬೇಕು. ಗಣಿ ಕೆಲಸಕ್ಕೆ ಹೋಗುವವರು, ಹಮಾಲಿ ಮಾಡುವವರು ನಮ್ಮ ಗ್ರಾಹಕರು. ಸರಣಿ ಮುಗಿದ ಮಾರನೇ ದಿನ ಪ್ಯಾಕ್ ತೆಗೆಸಲು ಬರುತ್ತಾರೆ. ಅವರದ್ದು ತಪ್ಪಲ್ಲ.

ಉಚಿತ ಫೀಡ್ ಕೊಟ್ಟರೆ ನಾವು ಖುಷಿಯಿಂದ ಹಾಕುತ್ತೇವೆ. ಜನ ಫ್ರೀ ಡಿಶ್‌ಗೆ ಹೋಗುವುದೂ ನಿಲ್ಲುತ್ತದೆ.

ಮೀಡಿಯಾ ಪ್ಲಾನಿಂಗ್, ಬೆಂಗಳೂರು

ನಾನು ಜಾಹೀರಾತು ಕ್ಷೇತ್ರದಲ್ಲಿ ಕೆಲಸ ಮಾಡುವವನು. ಇನ್ನೊಂದು ಕಡೆಯನ್ನೂ ಹೇಳಬೇಕು.

2023ರ ಸೆಪ್ಟೆಂಬರ್‌ನಿಂದ 2028ರ ಮಾರ್ಚ್‌ವರೆಗೆ ಭಾರತದ ತವರಿನ 88 ಪಂದ್ಯಗಳಿಗೆ ಸ್ಪೋರ್ಟ್ಸ್18ನ ಕಂಪನಿ ವಯಾಕಾಮ್18 ಕೊಟ್ಟದ್ದು ಸುಮಾರು 5,963 ಕೋಟಿ. ಒಂದು ಪಂದ್ಯಕ್ಕೆ 67 ಕೋಟಿಗೂ ಜಾಸ್ತಿ. ಈ ಹಣ ವಾಪಸ್ ಬರುವುದು ಎರಡೇ ದಾರಿಯಲ್ಲಿ. ಒಂದು ಜಾಹೀರಾತು, ಇನ್ನೊಂದು ಚಂದಾ. ಅದೇ ಪಂದ್ಯ ಅದೇ ಕೇಬಲ್‌ನಲ್ಲಿ ಡಿಡಿಯಲ್ಲೂ ಉಚಿತವಾಗಿ ಬಂದರೆ 19 ರೂಪಾಯಿ ಯಾರು ಕೊಡುತ್ತಾರೆ? ಡಿಡಿಯಲ್ಲಿ ಹತ್ತು ಸೆಕೆಂಡಿನ ಜಾಹೀರಾತು ಅಗ್ಗ. ಜಾಹೀರಾತು ಕೊಡುವವರೂ ಅತ್ತ ಹೋಗುತ್ತಾರೆ. 75 ಪಾಲು ಬರುತ್ತದೆ ನಿಜ. ಕಡಿಮೆ ಮೊತ್ತದ 75 ಪಾಲು ಅದು.

ಮುಂದಿನ ಹರಾಜಿನಲ್ಲಿ ಬೆಲೆ ಇಳಿಯುತ್ತದೆ. ಬಿಸಿಸಿಐಗೆ ಬರುವ ಹಣದಲ್ಲೇ ರಾಜ್ಯ ಸಂಸ್ಥೆಗಳಿಗೆ ಪಾಲು ಹೋಗುವುದು. ಶಿವಮೊಗ್ಗದ ನವುಲೆಯಲ್ಲಿ, ಹುಬ್ಬಳ್ಳಿಯ ರಾಜನಗರದಲ್ಲಿ ರಣಜಿ ಪಂದ್ಯ ಆಡಿಸುವ ಮೈದಾನಗಳು ಎದ್ದು ನಿಂತಿವೆ. ಅವು ಬಿಟ್ಟಿ ಬರಲಿಲ್ಲ. ತುಂಗಾತೀರ ಅವರೇ, ನಿಮ್ಮ ಜಿಲ್ಲೆಯ ಹುಡುಗ ಟರ್ಫ್ ಪಿಚ್‌ನಲ್ಲಿ ಆಡುತ್ತಿರುವುದರ ಹಿಂದೆ ಈ ಟಿವಿ ದುಡ್ಡಿದೆ.

ಇನ್ನೊಂದು ಮಾತು. ಹಣ ಕೊಟ್ಟು ಕೊಂಡ ವಸ್ತುವನ್ನು ಕಾನೂನಿನಿಂದ ಕಿತ್ತು ಹಂಚುವುದು ಎಷ್ಟು ಸರಿ? ಕೊಡಬೇಕು ಅಂದರೆ ಸರ್ಕಾರವೇ ಹರಾಜಿನಲ್ಲಿ ಕೂಗಲಿ.

ತುಂಗಾತೀರ, ತೀರ್ಥಹಳ್ಳಿ

ಸರ್, ನವುಲೆ ಮೈದಾನದ ಮಾತು ಒಪ್ಪುತ್ತೇನೆ. ನಮ್ಮ ಹುಡುಗರಿಗೆ ಅದರಿಂದ ತುಂಬ ಉಪಕಾರ ಆಗಿದೆ.

ಆದರೆ ಕ್ರಿಕೆಟ್‌ನ ದೊಡ್ಡ ದುಡ್ಡು ಎಲ್ಲಿದೆ ನೋಡಿ. ಐಪಿಎಲ್‌ನ 2023ರಿಂದ 27ರವರೆಗಿನ ಹಕ್ಕು 48,390 ಕೋಟಿಗೆ ಹೋಯಿತು. ನೀವು ಹೇಳಿದ 88 ಪಂದ್ಯಗಳ ಎಂಟು ಪಟ್ಟು. ಐಪಿಎಲ್ ಈ ಪಟ್ಟಿಯಲ್ಲಿ ಇಲ್ಲ. ಇರಬೇಕು ಅಂತ ನಾನು ಕೇಳುತ್ತಲೂ ಇಲ್ಲ. ಅದು ಫ್ರಾಂಚೈಸಿಗಳ ಆಟ, ದುಡ್ಡು ಕೊಟ್ಟು ನೋಡಲಿ. ಪ್ರೊ ಕಬಡ್ಡಿಯೂ ಹಾಗೇ. ಬೆನ್ನ ಮೇಲೆ ದೇಶದ ಹೆಸರು ಬರೆದುಕೊಂಡು ಆಡುವ ಆಟ ಮಾತ್ರ ನಾನು ಕೇಳುತ್ತಿರುವುದು.

ಇನ್ನು ಕಿತ್ತು ಹಂಚುವುದು ಅಂದಿರಿ. 2023ರಲ್ಲಿ ಹರಾಜು ಕೂಗಿದವರಿಗೆ ಈ ಕಾಯ್ದೆ ಇದೆ ಅಂತ ಗೊತ್ತಿತ್ತು. ಹಂಚಿಕೊಳ್ಳಬೇಕು ಎಂದು ತಿಳಿದೇ ಬೆಲೆ ಕಟ್ಟಿದ್ದಾರೆ. ನಾಳೆ ಕೇಬಲ್ ಸೇರಿಸಿದರೂ ಮುಂದಿನ ಹರಾಜಿನಿಂದ ಸೇರಿಸಲಿ, ನಡುವೆ ಬೇಡ. ಆಗ ಯಾರಿಗೂ ಮೋಸ ಆಗುವುದಿಲ್ಲ.

ಪೊನ್ನಂಪೇಟೆ ಹಾಕಿ

ಎಲ್ಲರೂ ಕ್ರಿಕೆಟ್ ಒಂದನ್ನೇ ಹಿಡಿದುಕೊಂಡಿದ್ದೀರಿ. ಕೊಡಗಿನವನಾಗಿ ಹಾಕಿಯ ಮಾತು ಹೇಳದೆ ಹೋಗಲಾರೆ.

ಸರ್ಕಾರದ ಪಟ್ಟಿಯಲ್ಲಿ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಇವೆ. ಹಾಕಿ ವಿಶ್ವಕಪ್ ಇದೆ. ಟೆನಿಸ್‌ನಲ್ಲಿ ಭಾರತ ಆಡುವ ಡೇವಿಸ್ ಕಪ್ ಇದೆ. ಪಟ್ಟಿ ಚೆನ್ನಾಗಿಯೇ ಇದೆ. ಆದರೆ ಒಂದು ವಿಷಯ ಗಮನಿಸಿ. ಸಿಗ್ನಲ್ ಕೊಡಲೇಬೇಕು ಎಂದು ಖಾಸಗಿ ಚಾನೆಲ್‌ಗೆ ಕಡ್ಡಾಯ. ತೋರಿಸಲೇಬೇಕು ಎಂದು ಡಿಡಿಗೆ ಆ ಕಾಯ್ದೆಯಲ್ಲಿ ಕಡ್ಡಾಯ ಇಲ್ಲ. ಕ್ರಿಕೆಟ್ ಆದರೆ ಜಾಹೀರಾತು ತಾನಾಗಿ ಬರುತ್ತದೆ, ಡಿಡಿ ತೆಗೆದುಕೊಳ್ಳುತ್ತದೆ. ಉಳಿದ ಆಟಗಳ ಮೇಲೆ ಅಷ್ಟು ಉತ್ಸಾಹ ಕಾಣಿಸುವುದಿಲ್ಲ.

ನಮ್ಮಲ್ಲಿ ಹಾಕಿ ಅಂದರೆ ಮನೆತನದ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ತಂಡ ಕಟ್ಟಿದ್ದವು. ರಘುನಾಥ್, ಸುನಿಲ್, ಅರ್ಜುನ್ ಹಾಲಪ್ಪ ಇಂಥವರೆಲ್ಲ ಹೀಗೆ ಆಟ ಉಸಿರಾಡುವ ಜಾಗದಿಂದ ಬಂದವರು. ಆದರೆ ಕೊಡಗಿನಾಚೆ? ಬೀದರಿನ ಹುಡುಗ ಭಾರತ ತಂಡದ ಹಾಕಿ ಎಲ್ಲಿ ನೋಡಬೇಕು? ಒಲಿಂಪಿಕ್ಸ್ ಬಂದಾಗ ಪದಕ ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ನಡುವಿನ ನಾಲ್ಕು ವರ್ಷ ಆಟ ಕಣ್ಣಿಗೇ ಬೀಳದಿದ್ದರೆ ಹೊಸ ಹುಡುಗರು ಸ್ಟಿಕ್ ಹಿಡಿಯುವುದು ಹೇಗೆ?

ಕಾನೂನು ತಿದ್ದುವುದಾದರೆ ಡಿಡಿಯ ಮೇಲೂ ಒಂದು ಕರ್ತವ್ಯ ಹಾಕಿ. ಪಟ್ಟಿಯಲ್ಲಿರುವುದನ್ನು ತೋರಿಸಲೇಬೇಕು. ಕ್ರಿಕೆಟ್‌ನಲ್ಲಿ ಬಂದ 25 ಪಾಲಿನಲ್ಲಿ ಸ್ವಲ್ಪ ಹಾಕಿ, ಅಥ್ಲೆಟಿಕ್ಸ್ ತೋರಿಸಲು ಎತ್ತಿಡಲಿ.

ಪಿಇ ಟೀಚರ್, ವಿಜಯಪುರ

ಪೊನ್ನಂಪೇಟೆ ಅಣ್ಣನ ಮಾತಿಗೆ ನನ್ನದೂ ಒಂದು ಸೇರಿಸಿ.

ಈ ಪಟ್ಟಿಯಲ್ಲಿ ಕ್ರಿಕೆಟ್ ಅಂದರೆ "ಭಾರತದ ಪುರುಷರ ತಂಡ" ಎಂದೇ ವರ್ಷಗಟ್ಟಲೆ ಬರೆದಿದ್ದರು. ಹಾಕಿಯಲ್ಲಿ ಮಹಿಳೆಯರ ಇಂದಿರಾ ಗಾಂಧಿ ಗೋಲ್ಡ್ ಕಪ್‌ಗೆ ಜಾಗ ಇತ್ತು, ಕ್ರಿಕೆಟ್‌ನಲ್ಲಿ ಹೆಣ್ಣುಮಕ್ಕಳಿಗೆ ಇರಲಿಲ್ಲ. ನಮ್ಮ ಊರಿನ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ತೆಗೆದಳು. ಅದೇ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ ಹೊಡೆದಳು. ಗೆದ್ದರೆ ಸೆಮಿಫೈನಲ್, ಸೋತರೆ ಮನೆಗೆ ಅನ್ನುವ ಪಂದ್ಯ ಅದು. ಇಬ್ಬರು ಕನ್ನಡದ ಹುಡುಗಿಯರು ಸೇರಿ ದೇಶವನ್ನು ಮುಂದಕ್ಕೆ ತಂದರು.

ನಾನು ಶಾಲೆಯಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಅವರಿಗೆ ರಾಜೇಶ್ವರಿ ಹೆಸರು ಗೊತ್ತು. ಅವಳು ಬೌಲಿಂಗ್ ಮಾಡುವುದನ್ನು ನೋಡಿದವರು ಬಹಳ ಕಡಿಮೆ. ಎಡಗೈ ಸ್ಪಿನ್ ಹೇಗೆ ಬಿಡುತ್ತಾಳೆ ಅಂತ ಬಾಯಲ್ಲಿ ಹೇಳಿದರೆ ಏನು ಬರುತ್ತದೆ? ನೋಡಿ ಕಲಿಯಬೇಕು. ಮನೆಯಲ್ಲಿ ಸ್ಪೋರ್ಟ್ಸ್ ಪ್ಯಾಕ್ ಹಾಕಿಸಿದರೂ ರಿಮೋಟ್ ಅಣ್ಣನ ಕೈಯಲ್ಲಿ. ಮೊಬೈಲ್ ಅಪ್ಪನ ಕೈಯಲ್ಲಿ. ಉಚಿತ ಚಾನೆಲ್‌ನಲ್ಲಿ ಬಂದರೆ ಶಾಲೆಯ ಟಿವಿಯಲ್ಲಾದರೂ ತೋರಿಸಬಹುದು.

ಪುರುಷರು, ಮಹಿಳೆಯರು ಅನ್ನುವ ಭೇದ ಬೇಡ. "ಭಾರತ ತಂಡ" ಎಂದು ಬರೆದರೆ ಮುಗಿಯಿತು.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲೂ ಇಂಥ ಪಟ್ಟಿ ಇದೆ, 1996ರ ಬ್ರಾಡ್‌ಕಾಸ್ಟಿಂಗ್ ಕಾಯ್ದೆಯ ಕೆಳಗೆ. ಎ ಗುಂಪಿನಲ್ಲಿ ಒಲಿಂಪಿಕ್ಸ್, ಫುಟ್‌ಬಾಲ್ ವಿಶ್ವಕಪ್, ಎಫ್‌ಎ ಕಪ್ ಫೈನಲ್, ವಿಂಬಲ್ಡನ್ ಫೈನಲ್ ಇಂಥವು. ಇವನ್ನು ಶೇ 95 ಜನರಿಗೆ ಚಂದಾ ಇಲ್ಲದೆ ತಲುಪುವ ಚಾನೆಲ್‌ಗೆ ಲೈವ್ ಹಕ್ಕು ಸಿಗುವ ಹಾಗೆ ನೋಡಿಕೊಳ್ಳಬೇಕು. ಬಿ ಗುಂಪಿನಲ್ಲಿರುವುದಕ್ಕೆ ಮುಖ್ಯಾಂಶ ಸಿಕ್ಕರೆ ಸಾಕು.

ತವರಿನ ಟೆಸ್ಟ್ ಕ್ರಿಕೆಟ್ ಮೊದಲು ಎ ಗುಂಪಿನಲ್ಲಿತ್ತು. 1998ರಲ್ಲಿ ಬಿ ಗುಂಪಿಗೆ ಇಳಿಸಿದರು. ಕ್ರಿಕೆಟ್ ಮಂಡಳಿಗೆ ಹೆಚ್ಚು ಹಣ ಬೇಕಿತ್ತು, ಆ ಹಣದಿಂದ ಕ್ರಿಕೆಟ್ ಬೆಳೆಸುತ್ತೇವೆ ಎಂದರು. ಬೆಂಗಳೂರಿನ ಮೀಡಿಯಾ ಪ್ಲಾನಿಂಗ್ ಅವರು ಹೇಳಿದ ವಾದವೇ. 2005ರ ಆಶಸ್ ಸರಣಿ ಚಾನೆಲ್ 4ನಲ್ಲಿ ಉಚಿತವಾಗಿ ಬಂತು. ಇಡೀ ದೇಶ ಹುಚ್ಚೆದ್ದು ನೋಡಿತು. ಮುಂದಿನ ವರ್ಷದಿಂದ ಎಲ್ಲವೂ ಹಣ ಕಟ್ಟಿ ನೋಡುವ ಸ್ಕೈ ಚಾನೆಲ್‌ಗೆ ಹೋಯಿತು. ಹಣ ಬಂತು, ಮಂಡಳಿ ಗಟ್ಟಿಯಾಯಿತು. ಆದರೆ ಆಟ ಸಾಮಾನ್ಯ ಮನೆಗಳಿಂದ ಮರೆಯಾಯಿತು. ಸ್ಕೈ ಇಲ್ಲದ ಮನೆಯ ಮಕ್ಕಳು ಕ್ರಿಕೆಟ್ ನೋಡದೆಯೇ ಬೆಳೆದರು. ನನ್ನ ಮಗನ ತರಗತಿಯಲ್ಲಿ ಕ್ರಿಕೆಟ್ ಮಾತಾಡುವವರು ನಮ್ಮ ಕಡೆಯ ಮಕ್ಕಳೇ.

2019ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಫೈನಲ್‌ಗೆ ಬಂದಾಗ ಸ್ಕೈ ತಾನಾಗಿಯೇ ಆ ಒಂದು ಪಂದ್ಯವನ್ನು ಚಾನೆಲ್ 4 ಜೊತೆ ಹಂಚಿಕೊಂಡಿತು. ಸೂಪರ್ ಓವರ್ ನಡೆದ ಆ ಫೈನಲ್. ಬೀದಿಯ ಜನರೆಲ್ಲ ಕ್ರಿಕೆಟ್ ಮಾತಾಡಿದ್ದನ್ನು ಅವತ್ತು ಕಂಡೆ. ಹಣ ಮತ್ತು ನೋಡುಗರು ಎರಡೂ ಆಟಕ್ಕೆ ಬೇಕು. ಒಂದನ್ನು ಪೂರ್ತಿ ಬಿಟ್ಟುಕೊಟ್ಟರೆ ವಾಪಸ್ ತರುವುದು ಬಹಳ ಕಷ್ಟ.

ಮೀಡಿಯಾ ಪ್ಲಾನಿಂಗ್, ಬೆಂಗಳೂರು

ಲೆಸ್ಟರ್ ಸರ್, ಒಂದು ವ್ಯತ್ಯಾಸ ಇದೆ. ಅಲ್ಲಿ ಉಚಿತ ಚಾನೆಲ್‌ನವರು ಹಣ ಕೊಟ್ಟು ಹಕ್ಕು ಕೊಳ್ಳುತ್ತಾರೆ. ಇಲ್ಲಿ ಬೇರೆಯವರು ಕೊಂಡದ್ದನ್ನು ಡಿಡಿ ಪಡೆಯುತ್ತದೆ. ಎರಡೂ ಒಂದೇ ಅಲ್ಲ.

ಮೆಲ್ಬರ್ನ್ ಮನೆ

ಆಸ್ಟ್ರೇಲಿಯಾದಲ್ಲೂ ಹಾಗೇ. 1992ರ ಕಾಯ್ದೆಯ ಕೆಳಗೆ ಪಟ್ಟಿ ಇದೆ. ಅದರಲ್ಲಿರುವ ಪಂದ್ಯದ ಹಕ್ಕು ಕೊಳ್ಳಲು ಉಚಿತ ಚಾನೆಲ್‌ಗಳಿಗೆ ಮೊದಲ ಅವಕಾಶ. ಆದರೆ ಮೀಡಿಯಾ ಪ್ಲಾನಿಂಗ್ ಅವರು ಹೇಳಿದ ಮಾದರಿಯಲ್ಲೂ ತೂತಿದೆ. ಉಚಿತ ಚಾನೆಲ್ ಬೇಡ ಅಂದರೆ ಪಂದ್ಯ ಪೇ ಚಾನೆಲ್‌ಗೆ ಹೋಗುತ್ತದೆ. 2018ರ ಒಪ್ಪಂದದ ನಂತರ ಪುರುಷರ ತವರಿನ ಒಂದು ದಿನದ ಪಂದ್ಯಗಳು ಫಾಕ್ಸ್‌ಟೆಲ್ ಎಂಬ ಪೇ ಟಿವಿಗೆ ಹೋದವು. ಭಾರತ ಇಲ್ಲಿಗೆ ಬಂದಾಗ ಟೆಸ್ಟ್ ಉಚಿತವಾಗಿ ನೋಡುತ್ತೇವೆ, ಒಂದು ದಿನದ ಪಂದ್ಯಕ್ಕೆ ಹಣ ಕಟ್ಟುತ್ತೇವೆ.

ಭಾರತ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2024ರಲ್ಲಿ ಇಲ್ಲಿ ಕಾನೂನು ತಿದ್ದಿದರು. ಮೊದಲು ಪೇ ಟಿವಿಗೆ ಮಾತ್ರ ತಡೆ ಇತ್ತು, ಈಗ ಇಂಟರ್ನೆಟ್ ಸ್ಟ್ರೀಮಿಂಗ್ ಕಂಪನಿಗಳಿಗೂ ಇದೆ. ಉಚಿತ ಚಾನೆಲ್‌ಗೆ ಅವಕಾಶ ಕೊಡದೆ ಅವರೂ ಹಕ್ಕು ಕೊಳ್ಳುವ ಹಾಗಿಲ್ಲ.

ಹಾಸ್ಟೆಲ್ ರೂಮ್, ಮೈಸೂರು

ನಮ್ಮ ವಯಸ್ಸಿನವರ ಮಾತು ಯಾರೂ ಆಡಲಿಲ್ಲ. ಹಾಸ್ಟೆಲ್‌ನಲ್ಲಿ ಟಿವಿ ಯಾರು ನೋಡುತ್ತಾರೆ? ಎಲ್ಲ ಮೊಬೈಲ್‌ನಲ್ಲೇ. 2022ರ ಫುಟ್‌ಬಾಲ್ ವಿಶ್ವಕಪ್ ಜಿಯೋಸಿನಿಮಾದಲ್ಲಿ ಉಚಿತ ಇತ್ತು. 2023ರ ಐಪಿಎಲ್ ಉಚಿತ. ಅದೇ ವರ್ಷದ ಕ್ರಿಕೆಟ್ ವಿಶ್ವಕಪ್ ಹಾಟ್‌ಸ್ಟಾರ್‌ನಲ್ಲಿ ಮೊಬೈಲ್‌ಗೆ ಉಚಿತ. ಫೈನಲ್ ದಿನ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡುತ್ತಿದ್ದರು ಅಂತ ಪರದೆ ಮೇಲೇ ತೋರಿಸುತ್ತಿತ್ತು. ಆಗ ಎರಡು ಕಂಪನಿ ಪೈಪೋಟಿಯಲ್ಲಿದ್ದವು. 2025ರ ಫೆಬ್ರುವರಿಯಲ್ಲಿ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಈಗ ಚಂದಾ ಕೇಳುತ್ತಾರೆ, ಇಲ್ಲ ರೀಚಾರ್ಜ್ ಪ್ಯಾಕ್ ಜೊತೆ ಕಟ್ಟಿ ಕೊಡುತ್ತಾರೆ.

ಕಂಪನಿಗಳು ಉಚಿತ ಕೊಟ್ಟದ್ದು ಅವರ ಲೆಕ್ಕಾಚಾರದಿಂದ. ನಮಗೆ ಹಕ್ಕಿತ್ತು ಅಂತ ಅಲ್ಲ. ಹಾಗಾಗಿ ನಿಲ್ಲಿಸಿದಾಗ ಕೇಳಲೂ ಆಗುವುದಿಲ್ಲ. 2007ರ ಕಾಯ್ದೆಯಲ್ಲಿ ಇಂಟರ್ನೆಟ್ ಬರುತ್ತದೆಯೇ ವಕೀಲರೇ?

ವಕೀಲರ ಓಣಿ, ಧಾರವಾಡ

ಇಲ್ಲಪ್ಪ. ಆ ಸೆಕ್ಷನ್ ಬರೆದಾಗ ಅವರ ಕಣ್ಣ ಮುಂದೆ ಇದ್ದದ್ದು ಕೇಬಲ್ ಮತ್ತು ಡಿಟಿಎಚ್. ಇವುಗಳಲ್ಲಿ ಲೈವ್ ತೋರಿಸುವವರು ಹಂಚಿಕೊಳ್ಳಬೇಕು ಎಂದಿದೆ. ನಾಳೆ ಒಂದು ಕಂಪನಿ ಟಿವಿಯಲ್ಲಿ ತೋರಿಸದೆ ಬರೀ ಆ್ಯಪ್‌ನಲ್ಲಿ ತೋರಿಸಿದರೆ ಹಂಚಿಕೊಳ್ಳುವ ಕರ್ತವ್ಯ ಹುಟ್ಟುತ್ತದೆಯೇ ಅನ್ನುವುದು ಗಂಭೀರ ಪ್ರಶ್ನೆ. ಪ್ರಸಾರ ಭಾರತಿಗೆ 2024ರ ನವೆಂಬರ್‌ನಿಂದ ವೇವ್ಸ್ ಎಂಬ ಸ್ವಂತ ಆ್ಯಪ್ ಇದೆ. ಹಂಚಿಕೊಂಡ ಸಿಗ್ನಲ್ ಅನ್ನು ಅಲ್ಲಿ ಹಾಕಬಹುದು ಎಂದು ಕಾಯ್ದೆಯಲ್ಲಿ ಒಂದು ಮಾತಿಲ್ಲ.

ಕೇಬಲ್ ಬಗ್ಗೆ ಸರ್ಕಾರ ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 2018ರಲ್ಲಿ ವಾರ್ತಾ ಇಲಾಖೆ ತಿದ್ದುಪಡಿಯ ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಖಾಸಗಿ ಕೇಬಲ್, ಡಿಟಿಎಚ್‌ಗೂ ಡಿಡಿಯ ಫೀಡ್ ಹೋಗಲಿ ಎಂಬುದೇ ಅದರ ಸಾರ. ಅದು ಕಾಯ್ದೆಯಾಗಲಿಲ್ಲ.

ಸೆಟ್‌ಟಾಪ್, ಹೊಸಪೇಟೆ

ಕನ್ನಡ ಕಾಮೆಂಟರಿ ಮಾತು ತುಂಗಾತೀರ ಅಣ್ಣ ಮೊದಲೇ ಹೇಳಿದ್ದರು. 2023ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ಟಿವಿ ಪ್ರಸಾರ ದೂರದರ್ಶನದಲ್ಲೇ ಇತ್ತು. ಹಂಚಿಕೆ ಅಲ್ಲ, ಅವರೇ ಪಡೆದದ್ದು. ಹಾಗಾಗಿ ಕೇಬಲ್‌ನಲ್ಲೂ ಬಂತು. ಚಂದನದಲ್ಲಿ ಕನ್ನಡದಲ್ಲೇ ಬಂತು. ಒಂದು ದಿನವೂ ಯಾರೂ ಫೋನ್ ಮಾಡಿ ಬೈಯಲಿಲ್ಲ. ಕೆಲವು ಹಿರಿಯರು ಪ್ರತಿ ಸಲ ಹೀಗೇ ಕನ್ನಡದಲ್ಲಿ ಹಾಕಿ ಅಂತ ಕೇಳಿದರು. ಸ್ಟಾರ್‌ನವರು 2018ರ ಕೊನೆಗೆ ಕನ್ನಡ ಚಾನೆಲ್ ತಂದ ಮೇಲೆ ಜನರಿಗೆ ಕನ್ನಡ ಕಾಮೆಂಟರಿಯ ರುಚಿ ಹತ್ತಿದೆ. ಡಿಡಿಯಲ್ಲಿ ಮ್ಯಾಚ್ ಬಂದರೂ ಹಿಂದಿಯಲ್ಲಿ ಬಂದರೆ ನಮ್ಮ ಕಡೆ ಅರ್ಧ ಖುಷಿ.

ಮೀಡಿಯಾ ಪ್ಲಾನಿಂಗ್, ಬೆಂಗಳೂರು

ಎಲ್ಲರ ಮಾತು ಓದಿದೆ. ನನ್ನ ಮೂಲ ಅನುಮಾನ ಹಾಗೇ ಇದೆ, ಆದರೆ ಒಪ್ಪಬಹುದಾದ ದಾರಿ ಒಂದಿದೆ ಅನಿಸುತ್ತದೆ.

ಪಟ್ಟಿ ಚಿಕ್ಕದಾಗಿರಲಿ. ಭಾರತದ ಪ್ರತಿ ದ್ವಿಪಕ್ಷೀಯ ಟಿ20 ಪಂದ್ಯವೂ ದೇಶಕ್ಕೆ ಮುಖ್ಯ ಅಂದರೆ ನಾನು ಒಪ್ಪುವುದಿಲ್ಲ. ವರ್ಷಕ್ಕೆ ಅಷ್ಟೊಂದು ಆಡುತ್ತಾರೆ. ವಿಶ್ವಕಪ್, ಚಾಂಪಿಯನ್ಸ್ ಟ್ರೋಫಿ, ಏಷ್ಯಾ ಕಪ್‌ನಲ್ಲಿ ಭಾರತದ ಪಂದ್ಯಗಳು, ಒಲಿಂಪಿಕ್ಸ್, ಹಾಕಿ ವಿಶ್ವಕಪ್, ಮಹಿಳೆಯರ ವಿಶ್ವಕಪ್ ಇಷ್ಟು ಸಾಕು. ಇವಕ್ಕೆ ಕೇಬಲ್‌ನಲ್ಲೂ ಡಿಡಿಗೆ ಅವಕಾಶ ಕೊಡಲಿ, ಎಚ್‌ಡಿ ಅಲ್ಲದೆ ಸಾಮಾನ್ಯ ಗುಣಮಟ್ಟದಲ್ಲಿ. ದೊಡ್ಡ ಟಿವಿ ಇರುವವರು ಎಚ್‌ಡಿಗಾಗಿ ಹಣ ಕೊಟ್ಟೇ ಕೊಡುತ್ತಾರೆ. ಕೇಬಲ್‌ನಿಂದ ಬರುವ ಜಾಹೀರಾತು ಹಣದಲ್ಲಿ ಹಕ್ಕು ಕೊಂಡವರ ಪಾಲು 75ಕ್ಕಿಂತ ಜಾಸ್ತಿ ಇರಲಿ. ಜೊತೆಗೆ ಫ್ರೀ ಡಿಶ್‌ನ ಸಿಗ್ನಲ್‌ಗೆ ಬೀಗ ಹಾಕಲಿ. ಉಪಗ್ರಹದ ಸಿಗ್ನಲ್ ಗಡಿಯಾಚೆಗೂ ಹೋಗುತ್ತದೆ. ಪಕ್ಕದ ದೇಶದಲ್ಲಿ ಹಕ್ಕು ಕೊಂಡವರಿಗೆ ಅದರಿಂದ ಪೆಟ್ಟು ಬೀಳುತ್ತದೆ.

ತುಂಗಾತೀರ, ತೀರ್ಥಹಳ್ಳಿ

ಸರ್, ಎಚ್‌ಡಿ ಬೇಡ, ಸಾಮಾನ್ಯ ಗುಣಮಟ್ಟ ಸಾಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಪಾಲು ಜಾಸ್ತಿ ಮಾಡುವುದಕ್ಕೂ ಒಪ್ಪಿಗೆ. ಪಟ್ಟಿ ಚಿಕ್ಕದು ಮಾಡುವುದಕ್ಕೆ ಮಾತ್ರ ಇಲ್ಲ. ಇವತ್ತು ಫ್ರೀ ಡಿಶ್ ಮನೆಗಳಿಗೆ ಭಾರತದ ಪುರುಷರ ತಂಡದ ಒಂದು ದಿನದ ಮತ್ತು ಟಿ20 ಪಂದ್ಯಗಳು ಸಿಗುತ್ತಿವೆ. ನಮಗೆ ಸಿಗಲಿ ಅಂತ ಅವರಿಂದ ಕಿತ್ತುಕೊಳ್ಳುವುದು ನ್ಯಾಯ ಅಲ್ಲ. ಬೇಕಿದ್ದರೆ ಎರಡು ಪಟ್ಟಿ ಇರಲಿ. ಈಗಿನ ಪಟ್ಟಿ ಫ್ರೀ ಡಿಶ್‌ಗೆ ಹಾಗೇ ಇರಲಿ. ನೀವು ಹೇಳಿದ ಚಿಕ್ಕ ಪಟ್ಟಿ ಕೇಬಲ್‌ಗೂ ವೇವ್ಸ್ ಆ್ಯಪ್‌ಗೂ ಬರಲಿ.

ವಕೀಲರೇ, ಇದನ್ನು ಒಂದು ಮನವಿಯಾಗಿ ಬರೆದು ವಾರ್ತಾ ಇಲಾಖೆಗೂ ನಮ್ಮ ಸಂಸದರಿಗೂ ಕಳಿಸಬಹುದೇ? ನೀವು ಕರಡು ಮಾಡಿದರೆ ಕನ್ನಡದಲ್ಲಿ ನಾನು ತಿದ್ದುತ್ತೇನೆ.

ವಕೀಲರ ಓಣಿ, ಧಾರವಾಡ

ಆಗಲಿ, ಮಾಡುತ್ತೇನೆ. 3ನೇ ಸೆಕ್ಷನ್‌ನಲ್ಲಿ ಎಲ್ಲಿ ಯಾವ ಪದ ಸೇರಬೇಕು ಎಂದು ನೇರವಾಗಿ ಬರೆಯೋಣ. ಹಾಗೆ ಬರೆದರೆ ಇಲಾಖೆಯವರು ಓದುವ ಸಾಧ್ಯತೆ ಜಾಸ್ತಿ. ವಿಜಯಪುರದ ಮೇಡಂ ಹೇಳಿದ "ಭಾರತ ತಂಡ" ಮತ್ತು ಪೊನ್ನಂಪೇಟೆಯವರು ಹೇಳಿದ ಡಿಡಿಯ ಕರ್ತವ್ಯ, ಎರಡನ್ನೂ ಸೇರಿಸುತ್ತೇನೆ. ಹೊಸಪೇಟೆ ಅಣ್ಣನವರು ಕೇಬಲ್‌ಗೆ ಬರುವ ಫೀಡ್ ತಾಂತ್ರಿಕವಾಗಿ ಹೇಗೆ ಬೇರೆಯಾಗುತ್ತದೆ ಎಂದು ನಾಲ್ಕು ಸಾಲು ಬರೆದು ಕಳಿಸಿದರೆ ಒಳ್ಳೆಯದು.

ಸೆಟ್‌ಟಾಪ್, ಹೊಸಪೇಟೆ

ನಾಳೆ ರಾತ್ರಿಯೊಳಗೆ ಇಲ್ಲೇ ಹಾಕುತ್ತೇನೆ ಸರ್. ಚಂದನದಲ್ಲಿ ಕನ್ನಡ ಕಾಮೆಂಟರಿ ಬೇಕು ಅನ್ನುವುದನ್ನು ಮರೆಯಬೇಡಿ.